ನಾಲ್ಕನೇ ತೂತು

ಚಪ್ಪಲಿ ಹೊಲಿಯುವವನ ಅಂಗಡಿಗೂ ಅವನ ಅಕ್ಕ ಇಸ್ತ್ರಿ ಮಾಡುವ ಕೋಣೆಗೂ ನಡುವೆ ಒಂದೇ ಗೋಡೆ. ಅಕ್ಕ ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ದುಡಿಯುವವಳು. ಚಪ್ಪಲಿ ಬಿಗಿಯಾಗ್ತಿದೆ ಅಂತ ಅವಳು ಬಂದಾಗ ತಮ್ಮ ಅದರ ಪಟ್ಟಿಗೆ ಎರಡನೇ ತೂತು ಹೊಡೆದು ಬಕಲ್ ಸಡಿಲ ಮಾಡಿಕೊಟ್ಟ. ಹದಿನೈದು ದಿನಕ್ಕೆ ಮತ್ತೆ ಬಂದಳು, ಮೂರನೆಯದನ್ನೂ ಹೊಡೆದ. ಈ ವಯಸ್ಸಲ್ಲೂ ಪಾದ ಬೆಳೀತಾ ಇದೆಯಲ್ಲ ಅಂತ ರೇಗಿಸಿದ ಬೇರೆ, ಮಹಾಶಯ!

ನಾಲ್ಕನೇ ತೂತಿಗೆ ಬಂದ ದಿನ ಅಕ್ಕ ಹತ್ತು ಹೆಜ್ಜೆಗೇ ಏದುಸಿರು ಬಿಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತೆ, ಮೂರು ದಿಂಬು ಬೇಕು ಅಂತ ಮಾತಿನ ಮಧ್ಯೆ ಅಂದಳು. ತಮ್ಮ, ಚರ್ಮದ ಹದ ನೋಡುವ ಅಭ್ಯಾಸಬಲದಿಂದ, ಅವಳ ಊದಿದ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ಬಿದ್ದ ಗುಳಿ ಹಾಗೇ ಉಳಿಯಿತು. ಅವನು ಸುತ್ತಿಗೆ ಕೆಳಗಿಟ್ಟ.

"ಹೊಡೆಯಲ್ಲ. ನಡಿ ಡಾಕ್ಟರ್ ಹತ್ರ."

ರಾಶಿ ಬಟ್ಟೆ ಬಿದ್ದಿದೆ, ಒಂದು ತೂತಿಗೆ ಇಷ್ಟು ಸತಾಯಿಸ್ತೀಯಲ್ಲೋ ಅಂತ ಅಕ್ಕ ಸಿಡಿಮಿಡಿಗೊಂಡಳು. ತಮ್ಮ ಜಗ್ಗಲಿಲ್ಲ. ಅವಳ ಚಪ್ಪಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಆಟೋ ಹತ್ತೇಬಿಟ್ಟ. ಬೈದುಕೊಳ್ಳುತ್ತ ಬರಿಗಾಲಲ್ಲಿ ಅವಳೂ ಹತ್ತಿದಳು.

ತಪ್ಪು ಕಾಲಿನದ್ದಲ್ಲ, ಹೃದಯದ್ದು ಅಂದರು ಡಾಕ್ಟರಮ್ಮ. ಹೃದಯ ಸೋತಿದೆ, ಸಾಕಷ್ಟು ರಕ್ತ ತಳ್ಳುತ್ತಿಲ್ಲ. ಕಿಡ್ನಿಯೋ, ಮೈಯಲ್ಲಿ ನೀರೇ ಕಮ್ಮಿಯಾಗಿದೆ ಅಂದುಕೊಂಡು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತೆ. ಆ ನೀರು ಕಾಲಿಗಿಳಿಯುತ್ತೆ, ಶ್ವಾಸಕೋಶಕ್ಕೂ ತುಂಬುತ್ತೆ, ಸೋತ ಹೃದಯಕ್ಕೆ ಹೊರೆ ಇನ್ನೂ ಹೆಚ್ಚುತ್ತೆ. ಇನ್ನೊಂದು ವಾರ ಬಿಟ್ಟಿದ್ದರೆ ಕೈಮೀರುತ್ತಿತ್ತಂತೆ.

"ಪಾಪ, ಕಿಡ್ನಿ ಕೆಟ್ಟದ್ದೇನೂ ಬಯಸಿಲ್ಲ" ಅಂದರು.

ತಮ್ಮ ತಲೆ ತಗ್ಗಿಸಿದ. ಒಳ್ಳೇದು ಮಾಡ್ತೀನಿ ಅಂತ ಹೋಗಿ ತಾನೂ ಎರಡು ತೂತು ಹೊಡೆದಿದ್ದನಲ್ಲ!

ಎಂಟು ದಿನ ಆಸ್ಪತ್ರೆ, ಕೈತುಂಬ ಮಾತ್ರೆ, ಉಪ್ಪಿಗೆ ಕಡಿವಾಣ. ನೀರಿಳಿಯಿತು, ಒಂದೇ ದಿಂಬಿಗೆ ನಿದ್ದೆ ಬಂತು. ತಿಂಗಳಾದ ಮೇಲೆ ಅಕ್ಕ ಅಂಗಡಿಗೆ ಬಂದು ಕಾಲು ಚಾಚಿದಳು. ಬಕಲ್ ಮೊದಲನೇ ತೂತಿಗೆ ಕೂತಿತ್ತು. ಉಳಿದೆರಡು ನೋಡೋಕೆ ಅಸಹ್ಯ, ಪಟ್ಟಿ ಬದಲಾಯಿಸು ಅಂದಳು.

ತಮ್ಮ ಕಣ್ಣೊರೆಸಿಕೊಂಡ. "ಇರಲಿ ಅಕ್ಕ. ದಿನಾ ಬೆಳಗ್ಗೆ ಬಂದು, ಯಾವ ತೂತಿಗೆ ಹಾಕ್ಕೊಂಡಿದೀಯ ಅಂತ ನಂಗೆ ತೋರಿಸಿ ಹೋಗು."

ಒಳ್ಳೇ ಪೀಡೆ ಕಣೋ ನೀನು ಅಂತ ಗೊಣಗುತ್ತಲೇ ಹೋದಳು. ಮಾರನೇ ಬೆಳಗ್ಗೆ ಅವನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ, ಕಾಲು ಮುಂದೆ ಮಾಡಿಕೊಂಡು ನಿಂತಿದ್ದಳು.