ಯಜಮಾನನ ಮಣ್ಣು

"ಇನ್ನೂ ಸ್ವಲ್ಪ ಆಳ ತೋಡಿ ಸಾರ್," ಎಂದಳು ದೋಣಿ ನಡೆಸುವಾಕೆ. "ಮಳೆ ಬಂದ್ರೆ ಮಣ್ಣು ಕೊಚ್ಕೊಂಡು ಹೋಗತ್ತೆ."

ಲಾಡ್ಜ್ ಮಾಲೀಕ ಮತ್ತೆ ಗುದ್ದಲಿ ಎತ್ತಿದ. ಗುಂಡಿ ಆಗಲೇ ಸೊಂಟದವರೆಗೆ ಇಳಿದಿತ್ತು. ನಾಯಿಗೆ ಅಷ್ಟು ಧಾರಾಳವಾಗಿ ಸಾಕು, ಅವಳ ಸಿಟ್ಟಿಗೆ ಮಾತ್ರ ಸಾಲದು. ಅವನ ಅಂಗೈಯ ಬೊಬ್ಬೆ ಒಡೆದದ್ದನ್ನು ಅವಳು ಕಣ್ತುಂಬ ನೋಡಿದಳು.

ಅಂಗಡಿಗಳಿಗೆಲ್ಲ ಬೀಗ ಹಾಕಿ ಮೂರು ದೋಣಿ ಜನ ಕೆರೆಯ ನಡುಗಡ್ಡೆಗೆ ಬಂದಿದ್ದರು. ಸತ್ತದ್ದು ಬೀದಿನಾಯಿಯೇ ಆದರೂ ಊರಿಗೆಲ್ಲ ಅದು ಯಜಮಾನ. ಬೆಳಿಗ್ಗೆ ಎದ್ದು ಟೈಲರ್ ಅಂಗಡಿ, ಶಾಲೆ, ಪೋಸ್ಟಾಫೀಸು ಎಲ್ಲವನ್ನೂ ಮೂಸಿ, ತಪಾಸಣೆ ಮುಗಿಸಿ, ಬಿಸಿಲೇರಿದ ಮೇಲೆ ಅವಳ ದೋಣಿಯಲ್ಲಿ ಕಾಲು ಚಾಚುತ್ತಿತ್ತು. ಊಟಕ್ಕೆ ಇಡೀ ಊರು, ನಿದ್ದೆಗೆ ಅವಳೊಬ್ಬಳು. ಗಂಡ ಹೋದ ಮೇಲೆ ಅವಳ ಗೊಣಗಾಟವನ್ನು ಎದುರಾಡದೆ ಕೇಳಿಸಿಕೊಂಡ ಜೀವ ಅದೊಂದೇ.

"ಪಾಪ, ವಯಸ್ಸಾಗಿತ್ತು ಬಿಡಿ," ಎಂದ ಮಾಲೀಕ, ಬೆವರು ಒರೆಸಿಕೊಳ್ಳುತ್ತ.

"ಹೌದು ಸಾರ್, ಹಲ್ಲೂ ಇರ್ಲಿಲ್ಲ," ಎಂದ ಮಾಂಸದಂಗಡಿಯವನು ಮಾಲೀಕನತ್ತ ಒಂದು ಹೆಜ್ಜೆ ಇಟ್ಟ. ದೋಣಿಯಾಕೆ ಅವನ ಕಾಲು ತುಳಿದಳು.

*

ಅದೇ ದಿನ ಬೆಳಕು ಹರಿಯುವ ಹೊತ್ತಿಗೆ ಯಜಮಾನ ಲಾಡ್ಜಿನ ಹಿಂದೆ ನೊರೆ ಕಾರಿ ಬಿದ್ದಿತ್ತು. ಬಾಯ ಹತ್ತಿರ ಉಳಿದಿದ್ದ ಮಾಂಸ ನೋಡಿದ್ದೇ ತಡ, ಮಾಂಸದಂಗಡಿಯವನು ಅಲ್ಲೇ ಕುಸಿದು ಕೂತ.

"ಅಕ್ಕಾ, ಇದು ನನ್ನ ಕೈಯಿಂದಾನೇ ಹೋಗಿದ್ದು."

"ಏನೋ ಹೇಳ್ತಿದ್ದೀಯ?"

"ಇಷ್ಟು ಸಣ್ಣಗೆ ಕೊಚ್ಚೋದು ಇವನೊಬ್ಬನಿಗೇ. ನಿನ್ನೆ ಲಾಡ್ಜಿನವರು ಬಂದು, ಯಜಮಾನನಿಗೆ ಕೊಚ್ತೀಯಲ್ಲ, ಹಾಗೇ ಕೊಡು ಅಂದ್ರು. ನಾಯಿ ಮೆಟ್ಟಿಲು ಹತ್ತಿದ್ರೆ ಗಿರಾಕಿ ಬರಲ್ಲ ಅಂತ ವರ್ಷದಿಂದ ಕಲ್ಲು ಹೊಡೀತಿದ್ದೋರು, ಮನಸ್ಸು ಕರಗಿತಲ್ಲ ಅಂದ್ಕೊಂಡೆ. ಖುಷಿಗೆ ಒಂದು ಹಿಡಿ ಜಾಸ್ತೀನೇ ಹಾಕಿದೆ ಅಕ್ಕಾ!"

ಅವಳು ಅಳಲಿಲ್ಲ. ಅಳು ಬರುವಷ್ಟು ಜಾಗವನ್ನು ಸಿಟ್ಟು ಬಿಟ್ಟಿರಲಿಲ್ಲ.

"ಪೊಲೀಸರಿಗೆ ಹೇಳೋಣ್ವಾ?"

"ದಂಡ ಕಟ್ಟಿ ಮೀಸೆ ತಿರುವ್ಕೊಂಡು ಬರ್ತಾನೆ. ಬೇಡ. ಅವನನ್ನ ಮಣ್ಣಿಗೆ ಕರಿ. ನಾಲ್ಕು ಜನ ನೋಡ್ಲಿ ಅಂತ ಬಂದೇ ಬರ್ತಾನೆ."

ಆಮೇಲೆ ಅವಳು ಮನೆಮನೆಗೂ ಹೋಗಿ ವಿಷಯ ಮುಟ್ಟಿಸಿದಳು.

*

ಮಣ್ಣು ಮುಚ್ಚಿದ್ದಾಯಿತು. ಮಾಲೀಕ ಕೈ ತೊಳೆಯಲು ಹೊರಟ.

"ಈ ಕಡೆ ಬರೀ ಕೆಸರು ಸಾರ್. ಆ ಕಡೆ ಹೋಗಿ, ನೀರು ತಿಳಿಯಾಗಿದೆ," ಎಂದಳು.

ಅವನು ಪೊದೆಗಳಾಚೆ ಮರೆಯಾದದ್ದೇ ಜನ ಸದ್ದಿಲ್ಲದೆ ದೋಣಿ ಹತ್ತಿದರು. ಸಾಕಷ್ಟು ದೂರ ಬಂದ ಮೇಲೆ, "ಏಯ್! ನಾನಿನ್ನೂ ಇಲ್ಲೇ ಇದ್ದೀನಿ!" ಎಂಬ ಕೂಗು ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

"ಅಕ್ಕಾ, ರಾತ್ರಿ ಏನಾದ್ರೂ ಆದ್ರೆ?" ಎಂದ ಮಾಂಸದಂಗಡಿಯವನು.

"ಚಳಿಗೆ ಯಾರೂ ಸಾಯಲ್ಲ. ಸಾಯಲೂಬಾರದು. ನಾಳೆಯಿಂದ ಅವನು ಇದೇ ಊರಲ್ಲಿ, ನಮ್ಮ ನಡುವೇನೇ ಬಾಳಬೇಕಲ್ಲ."

ಅಷ್ಟರಲ್ಲಿ ಮಾಂಸದಂಗಡಿಯವನ ಫೋನು ಹೊಡೆದುಕೊಂಡಿತು. ಅವನು ಜೇಬಿಗೆ ಕೈ ಹಾಕಲಿಲ್ಲ. ಅದು ನಿಂತ ಮೇಲೆ ಟೈಲರನದು, ಹಿಂದಿನ ದೋಣಿಯಲ್ಲಿ ಮೇಷ್ಟರದು, ಕೊನೆಗೆ ಅವಳದು. ಅವಳು ಅದನ್ನು ತೆಗೆದು ಪಕ್ಕದ ಹಲಗೆಯ ಮೇಲಿಟ್ಟಳು. ಅದು ಗುರುಗುಟ್ಟುತ್ತ ಹಲಗೆಯ ಮೇಲೆ ಅಂಗುಲ ಅಂಗುಲವಾಗಿ ತೆವಳುತ್ತಿತ್ತು. ಅವಳು ಎರಡೂ ಕೈಯಲ್ಲಿ ಹುಟ್ಟು ಹಾಕುತ್ತಿದ್ದಳು.