ಕಟ್ಟಿಟ್ಟ ಕೈ

ಟೈಲರನನ್ನು ನೋಡಲು ಬಂದವರು ಮೊದಲು ಅವನ ಮುಖ ನೋಡುತ್ತಿದ್ದರು, ಆಮೇಲೆ ಅವನ ಅಕ್ಕನ ಮುಖ. ಅಕ್ಕ ತಟ್ಟೆ ಹಿಡಿದು ಮಂಚದ ಪಕ್ಕ ಕೂತು ತಮ್ಮನ ಬಾಯಿಗೆ ತುತ್ತಿಡುತ್ತಿದ್ದಳು. ಬಾಯಿಯ ಬಲಮೂಲೆಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅಕ್ಕ ಅಂದ್ರೆ ಹೀಗಿರಬೇಕು ನೋಡಿ" ಅಂದಳು ಎದುರು ಮನೆಯಾಕೆ.

"ನಾನಿರೋವರೆಗೂ ಇವನು ಒಂದು ಬೆರಳೂ ಅಲ್ಲಾಡಿಸಬೇಕಾಗಿಲ್ಲ" ಅಂದಳು ಅಕ್ಕ.

ಟೈಲರನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಆ ಬೆರಳು ಅಲ್ಲಾಡುವುದೊಂದೇ.

ಪಾರ್ಶ್ವವಾಯು ಹೊಡೆದು ಮೂರು ವಾರವಾಗಿತ್ತು. ಅಂಗಡಿಯಲ್ಲಿ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದವನ ಕೈಯಿಂದ ಕತ್ತರಿ ಜಾರಿತ್ತು. ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಪಕ್ಕದಲ್ಲೇ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದ ಹೆಂಡತಿ, ಅವನು ಕತ್ತರಿ ಹುಡುಕುತ್ತಿದ್ದಾನೆಂದುಕೊಂಡಿದ್ದಳು.

ಆಸ್ಪತ್ರೆಯಿಂದ ಕಳಿಸುವಾಗ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದಿದ್ದರು. "ಕೈ ಮರೆತದ್ದನ್ನ ಮತ್ತೆ ಕಲಿಯೋಕೆ ಮೊದಲ ಮೂರು ತಿಂಗಳು ಒಳ್ಳೇ ಕಾಲ. ನೀವು ಮಾಡಿಕೊಟ್ಟಷ್ಟೂ ಅವರು ಕಲಿಯಲ್ಲ. ಅಳ್ತಾರೆ, ಬೈತಾರೆ. ಬಿಡಬೇಡಿ." ಅವನ ಕಸುಬು ಕೇಳಿ ಅವರೇ ಒಂದು ಪಾಠ ಹೇಳಿಕೊಟ್ಟಿದ್ದರು: ಡಬ್ಬಿಯಿಂದ ಗುಂಡಿಗಳನ್ನು ಒಂದೊಂದಾಗಿ ಬಲಗೈಯಲ್ಲೇ ಎತ್ತಿ ತಟ್ಟೆಗೆ ಹಾಕಬೇಕು.

ಅಂಗಡಿಗೆ ಹೋಗುವ ಮುಂಚೆ ಅವಳು ಕೋಟಿನ ದೊಡ್ಡ ಗುಂಡಿಗಳ ಡಬ್ಬಿ ತೆಗೆದು ಅವನೆದುರಿಗೆ ಇಡತೊಡಗಿದಳು. ನಾಲ್ಕು ದಿನ ಗುಂಡಿ ಜಾರಿತು. ಐದನೆಯ ದಿನ ಹೆಬ್ಬೆರಳು ತೋರುಬೆರಳ ನಡುವೆ ಒಂದು ನಿಂತಿತು. ಅವನು ಅದನ್ನು ಅಂಗಡಿಯಲ್ಲಿ ನೋಡುತ್ತಿದ್ದಂತೆಯೇ ಬೆಳಕಿಗೆ ಹಿಡಿದು ನೋಡಿ, "ಅಗ್...ಗದ ಮಾಲು" ಅಂದ.

"ನೀವೇ ತಂದದ್ದು, ಬೈಕೊಳ್ಳಿ" ಎಂದು ಅವಳು ನಕ್ಕಳು. ಅವನ ಮುಖದ ಎಡಭಾಗವೂ ನಕ್ಕಿತು.

ಮರುದಿನ ಗುಂಡಿ ಮತ್ತೆ ಮತ್ತೆ ಜಾರಿತು. ಅವನು ಅಳುತ್ತಿದ್ದ. ಹೆಂಡತಿ ಸುಮ್ಮನೆ ನೋಡುತ್ತಾ ಕೂತಿದ್ದಳು. ಆ ಹೊತ್ತಿಗೇ ಅಕ್ಕ ಎದುರು ಮನೆಯಾಕೆಯ ಜೊತೆ ಒಳಗೆ ಬಂದಳು.

"ದುಡಿದು ದುಡಿದು ಬಿದ್ದವನನ್ನ ಮತ್ತೆ ಕೂಲಿಗೆ ಹಾಕಿದ್ದೀಯೇನೇ?"

"ಕೂಲಿ ಅಲ್ಲ ಅಕ್ಕ, ಚಿಕಿತ್ಸೆ."

"ಅಳಿಸೋ ಚಿಕಿತ್ಸೆ ನಾನು ಕಂಡಿಲ್ಲ. ಆ ಆಸ್ಪತ್ರೆ ಡ್ರಿಲ್ ಮೇಡಂಗೇನು, ಬಾಯಲ್ಲಿ ಹೇಳಿ ಕಳಿಸ್ತಾಳೆ. ಅಮ್ಮ ಹೋದಾಗ ಇವನಿಗೆ ಎರಡು ವರ್ಷ. ಸಾಕಿದವಳು ನಾನು!"

ಎದುರು ಮನೆಯಾಕೆ ಮೆಲ್ಲಗೆ ಅಂದಳು: "ಬಿಡಿ ಅಕ್ಕ. ಅವಳಿಗೂ ಅಂಗಡಿ ಚಿಂತೆ ಇರತ್ತಲ್ಲ. ಬೇಗ ಎದ್ದು ಕತ್ತರಿ ಹಿಡೀಲಿ ಅಂತ."

ಆ ಮಾತು ಹೆಂಡತಿಗೆ ನಾಟಿತು. ಸಂಜೆಯೊಳಗೆ ಬೀದಿಯೆಲ್ಲ ಅದನ್ನೇ ಆಡಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿ ಬೀರುವಿನ ಮೇಲಿಟ್ಟು ಕೆಲಸಕ್ಕೆ ಹೊರಟಳು. ಅಕ್ಕ ಒಂದು ಮೆತ್ತನೆಯ ಹಳೇ ಸೀರೆ ಹರಿದು, ತಮ್ಮನ ಬಲಗೈಯನ್ನು ಎದೆಗೆ ಕಟ್ಟಿದಳು, ಆರಾಮವಾಗಿರಲಿ ಎಂದು. ಸಂಜೆ ಮನೆಗೆ ಬಂದವಳು ಅದನ್ನು ನೋಡಿದಳು. ಬಿಚ್ಚಲಿಲ್ಲ.

ಕಾಯಿಲೆಯವರನ್ನು ಗೊಂಬೆ ಮಾಡಿ ಕೂರಿಸುವುದಕ್ಕೆ ನಮ್ಮಲ್ಲಿ ಸೇವೆ ಎಂದು ಹೆಸರು. ನೋಡಲು ಬಂದವರು ಹೊಗಳುತ್ತಾರೆ, ಹೊಗಳಿಸಿಕೊಂಡವರು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಾರೆ.

ಒಂದು ತಿಂಗಳ ನಂತರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಟ್ಟು ಬಿಚ್ಚಿದರು. ಬೆರಳುಗಳು ಒಳಕ್ಕೆ ಮಡಿಚಿಕೊಂಡು ಮರದಂತಾಗಿದ್ದವು. ಒಂದೊಂದನ್ನೇ ಬಿಡಿಸುವಾಗ ಅವನು ಕಿರುಚಿದ. ಅಂಗೈಯಲ್ಲಿ ನಾಲ್ಕು ಉಗುರುಗಳ ಗಾಯವಿತ್ತು.

"ಯಾರು ಕಟ್ಟಿದ್ದು?"

"ನೋಯಬಾರದು ಅಂತ..." ಅಂದಳು ಅಕ್ಕ.

"ಇನ್ನು ಕತ್ತರಿ ಹಿಡೀತಾರಾ?" ಹೆಂಡತಿ ಕೇಳಿದಳು.

"ಮಾಡಿಸ್ತಾ ಇರಿ. ಮಾತು ಕೊಡೋಕೆ ನನ್ನಿಂದಾಗಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅಕ್ಕನನ್ನು ಬೈಯಲು ಮಾತು ಹುಡುಕಿದಳು. ಸಿಗಲಿಲ್ಲ. ತಿಂಗಳಿಡೀ ತಮ್ಮನ ಹಾಸಿಗೆ ಬಟ್ಟೆ ಒಗೆದು ಒಗೆದು ಅಕ್ಕನ ಕೈಯೂ ಬಿರಿದಿತ್ತು. ಅವಳು ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗುಂಡಿಯ ಡಬ್ಬಿಗೆ ಮುಚ್ಚಳ ಹಾಕಿದವಳು ತಾನೇ ಅಲ್ಲವೇ?

ಸಂಜೆ ಎದುರು ಮನೆಯಾಕೆ ಹಣ್ಣು ಹಿಡಿದು ಬಂದಳು. ಅಕ್ಕ ತಟ್ಟೆಯಲ್ಲಿ ತುತ್ತು ಮಾಡುತ್ತಿದ್ದಳು. ಹೆಂಡತಿ ಬೀರುವಿನ ಮೇಲಿಂದ ಡಬ್ಬಿ ಇಳಿಸಿ ಗಂಡನೆದುರು ಹಲಗೆಯಿಟ್ಟು, ಒಂದೇ ಒಂದು ಗುಂಡಿ ಇಟ್ಟಳು.

ಅವನ ಮುಷ್ಟಿ ಗುಂಡಿಯನ್ನು ತಳ್ಳಿತು. ಅದು ಹಲಗೆಯ ಅಂಚಿಗೆ ಹೋಯಿತು. ಎದುರು ಮನೆಯಾಕೆ ಎದ್ದಳು. "ಅಯ್ಯೋ ಪಾಪ, ನಾನು ಎತ್ತಿಕೊಡ್ತೀನಿ."

"ಮುಟ್ಟಬೇಡಿ. ಕೂತ್ಕೊಳ್ಳಿ" ಅಂದಳು ಹೆಂಡತಿ.

ಗುಂಡಿ ನೆಲಕ್ಕೆ ಬಿತ್ತು. ಹೆಂಡತಿಯ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಎಳೆದು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

"ಎಷ್ಟು ಹೊತ್ತು ಹೀಗೆ ನೋಡ್ತಾ ಕೂರ್ತೀಯೇ?" ಅಕ್ಕ ಕೇಳಿದಳು.

"ನಾನು ಕೂತಿರ್ತೀನಿ ಅಕ್ಕ. ನೀವೂ ಕೂತಿರಿ."

"ಆಗದಿದ್ರೆ?"

ಅವನು ಎಡಗೈಯಿಂದ ಬಲಗೈಯ ತೋರುಬೆರಳನ್ನು ಬಿಡಿಸಿದ. ಬಿಟ್ಟೊಡನೆ ಅದು ಮಡಿಚಿಕೊಂಡಿತು. ಮತ್ತೆ ಬಿಡಿಸಿದ. ಮಡಿಚಿಕೊಂಡಿತು. ಮತ್ತೆ ಬಿಡಿಸಿದ. ಅಕ್ಕನ ಕೈಯಲ್ಲಿ ತುತ್ತು ಒಣಗುತ್ತಿತ್ತು.