ಐದು ಜೇಬಿನ ಚೂಡಿದಾರ್

ಕಲ್ಲೇಶ ಸೀನಿದರೆ ಕರ್ಚೀಫು ನೀಲಿಯಾಗುತ್ತಿತ್ತು. ಉಗುಳಿದರೆ ನೆಲ ನೀಲಿ. ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಹದಿನೈದು ವರ್ಷ ಮಿಷನ್ ತುಳಿದ ತನ್ನ ಎದೆ ಸೀಳಿದರೆ ಒಂದು ಡಜನ್ ಪ್ಯಾಂಟಿಗಾಗುವಷ್ಟು ಬಟ್ಟೆಯ ದೂಳು ಸಿಗುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವುದರಲ್ಲಿ ಅವನಿಗೆ ಸಮಾನರು ಭೈರವಾನಿತಿಪ್ಪ ಡ್ಯಾಮಿನಿಂದೀಚೆಗೆ ಯಾರೂ ಇರಲಿಲ್ಲ. ತಾನು ಜಿಪ್ ಕೂರಿಸುವ ವೇಗಕ್ಕೆ ಮಿಷನ್ನಿಗೇ ಬೆವರು ಬರುತ್ತದಂತೆ. ಒಮ್ಮೆ ಸೂಜಿ ಹೆಬ್ಬೆರಳಿಗೆ ಹೊಕ್ಕಾಗಲೂ ನಗುತ್ತಲೇ ಹೊಲಿದನಂತೆ. ಸೂಜಿ ಹೊಕ್ಕದ್ದು ನಿಜ. “ಅವ್ವಾ!” ಎಂದು ಅವನು ಕಿರುಚಿದ್ದು ಇಡೀ ಶೆಡ್ಡಿಗೆ ಕೇಳಿದ್ದೂ ನಿಜ.

ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದದ್ದು ಅವನ ಒಡಹುಟ್ಟು. ಮಡಕಶಿರಾ ಕಡೆಯ ಗುಡಿಬಂಡೆಯಿಂದ ಕರೆತಂದು, ಅವನೇ ಕೆಲಸ ಕಲಿಸಿದ್ದ. ತಮ್ಮ ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಂದು ಭಾನುವಾರ ಮುದ್ದೆ ಮುರಿಯುತ್ತಾ ಬಂದ ಮಾತು ಬೇರೆಯಾಗಿತ್ತು.

“ಅಣ್ಣ, ನಾನು ನಿನ್ ತಮ್ಮ ಅಲ್ಲ. ತಂಗಿ. ಚಿಕ್ಕೋಳಾಗಿದ್ದಾಗ್ಲಿಂದ್ಲೂ ಅಂಗೇಯ. ಶೃತಿ ಅಂತ ಹೆಸ್ರಿಟ್ಕಂಡಿದೀನಿ.”

ಮುದ್ದೆ ಕಲ್ಲೇಶನ ಗಂಟಲಲ್ಲೇ ನಿಂತಿತು. ಒಂದು ಚೊಂಬು ನೀರು ಕುಡಿದ. ತನಗೆ ಇದೆಲ್ಲ ಮೊದಲೇ ಗೊತ್ತಿತ್ತು, ಅವಳು ಹುಟ್ಟಿದ ದಿನವೇ ಗೊತ್ತಿತ್ತು ಎಂದ. ಹುಟ್ಟಿದ ದಿನ ಅವನು ಹುಣಸೆಮರದಿಂದ ಬಿದ್ದು ಅಳುತ್ತಿದ್ದ.

“ಬಯ್ಯಲ್ವಾ?”

“ಯಾಕ್ ಬಯ್ಲಿ? ಮನೇಗೊಂದ್ ಹೆಣ್ಮಗ ಇಲ್ಲ ಅಂತ ಅವ್ವ ಇಪ್ಪತ್ತೈದ್ ವರ್ಸ ಅತ್ಲು. ಪಕ್ಕದಾಗೇ ಇದ್ಯಲ್ಲೇ ನೀನು!”

ಶೃತಿ ಎಂಜಲು ಕೈಯಲ್ಲೇ ಅತ್ತಳು. ಕಲ್ಲೇಶ ಅಳಲಿಲ್ಲ. ಸಾರು ಖಾರವಾಗಿತ್ತು, ಅಷ್ಟೆ.

ಅವಳಿಗೆ ಹಾಕಿಕೊಳ್ಳಲು ಹೆಣ್ಣುಮಕ್ಕಳ ಬಟ್ಟೆಯಿರಲಿಲ್ಲ. “ನಾನಿಲ್ವಾ? ಹೈದ್ರಾಬಾದಿನ್ ರಾಣೀರೂ ಕಂಡಿರ್ಬಾರ್ದು, ಅಂಥ ಚೂಡಿದಾರ್ ಹೊಲಿತೀನಿ” ಎಂದು ಕಲ್ಲೇಶ ಶೆಡ್ಡಿನಿಂದ ತಂದಿದ್ದ ಮಿಕ್ಕ ಜೀನ್ಸ್ ಬಟ್ಟೆ ಹರಡಿಕೊಂಡು ಕೂತ. ಹದಿನೈದು ವರ್ಷ ಪ್ಯಾಂಟು ಬಿಟ್ಟು ಬೇರೇನನ್ನೂ ಹೊಲಿಯದ ಕೈ ಅದು. ಸಂಜೆಗೆ ಎದ್ದು ನೋಡಿದರೆ ಟಾಪಿಗೆ ಕಿತ್ತಳೆ ದಾರದ ಡಬಲ್ ಹೊಲಿಗೆ, ತಾಮ್ರದ ಗುಂಡಿ. ಮುಂದೆ ಎರಡು ಜೇಬು, ಹಿಂದೆ ಎರಡು, ಚಿಲ್ಲರೆಗೊಂದು ಸಣ್ಣ ಜೇಬು. ಪಕ್ಕದಲ್ಲಿ ಸೀಳು ಬಿಡುವುದನ್ನು ಮರೆತಿದ್ದ. ಕೈಬಿಟ್ಟರೂ ಅದು ಬೀಳಲಿಲ್ಲ, ಮೂಲೆಯಲ್ಲಿ ತಾನೇ ನಿಂತುಕೊಂಡಿತು.

ಶೃತಿ ಹಾಕಿಕೊಂಡಳು. ಜೇಬಿಗೆ ಕೈಯಿಟ್ಟು ಕನ್ನಡಿ ನೋಡಿಕೊಂಡಳು.

“ಚೆನಾಗೈತೆ ಅಣ್ಣ. ಕುಂತ್ಕಳಕ್ಕೆ ಮಾತ್ರ ಆಗ್ತಿಲ್ಲ.”

“ರಾಣೀರು ಕುಂತ್ಕಳಲ್ಲ ಕಣೇ.”

ಸೋಮವಾರ ಶೆಡ್ಡಿನ ದಾರಿಯುದ್ದಕ್ಕೂ ಕಲ್ಲೇಶ ಗರ್ಜನೆ ಅಭ್ಯಾಸ ಮಾಡಿದ. ಯಾರಾದರೂ ತುಟಿ ಬಿಚ್ಚಿದರೆ ಅವರ ಹಲ್ಲು ಬೊಮ್ಮನಹಾಳಿನ ಕಾಲುವೆಯಲ್ಲಿ ತೇಲುತ್ತವೆ ಎಂದ. ಬಾಗಿಲಲ್ಲೇ ಮಾಲೀಕ ಕೊಟ್ರಬಸಪ್ಪ ನಿಂತಿದ್ದ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೈಯಲಿಲ್ಲ, ನಕ್ಕ.

“ಯಾಕ ಮುಖ ಸಣ್ಣದು ಮಾಡ್ಕೊಂಡೀಯಲೇ ಕಲ್ಲೇಶ? ನಾ ಏನ್ ಹಳೇ ಕಾಲದಾಂವೇನು? ಹೆಣ್ಮಗಳು ಅಂದ್ರ ಹೆಣ್ಮಗಳು. ಬಾರವ್ವಾ, ಏನ್ ಹೆಸರು? ಶೃತಿ? ಬಾ, ಬಾ.”

ಕಲ್ಲೇಶ ಕರಗಿ ನೀರಾದ. ಗರ್ಜನೆಗೆಂದು ತಂದಿದ್ದ ಉಸಿರೆಲ್ಲ “ದೇವ್ರಂಥೋರು ಸಾವ್ಕಾರ್ರೆ” ಎನ್ನುವುದಕ್ಕೇ ಖರ್ಚಾಯಿತು. ಎರಡೂ ಕೈ ಮುಗಿದ.

ಆಗ ಕೊಟ್ರಬಸಪ್ಪ ಶೃತಿಯ ಕೈಗೆ ಒಂದು ಸಣ್ಣ ಕತ್ತರಿ ಕೊಟ್ಟ.

“ಹೆಣ್ಮಕ್ಕಳ ಜಾಗ ಅಲ್ಲೈತಿ. ಹೋಗಿ ಕುಂದ್ರು.”

ಆ ಶೆಡ್ಡಿನಲ್ಲಿ ಗಂಡಸರು ಮಿಷನ್ ಮೇಲೆ, ಹೆಂಗಸರು ನೆಲದ ಮೇಲೆ. ಹೊಲಿದ ಪ್ಯಾಂಟಿನಲ್ಲಿ ನೇತಾಡುವ ದಾರ ಕತ್ತರಿಸುವುದು ಹೆಂಗಸರ ಕೆಲಸ. ಕೂಲಿ ಮಿಷನ್ನಿನ ಅರ್ಧ.

“ಆರ್ ವರ್ಸದಿಂದ ಮಿಷನ್ ಓಡ್ಸ್ತಿದೀನಲ್ಲ ಸಾವ್ಕಾರ್ರೆ” ಎಂದಳು ಶೃತಿ.

“ಅದು ಗಂಡ್ಸಾಗಿದ್ದಾಗಿನ ಮಾತವ್ವಾ. ಇನ್ನ ಹೆಣ್ಮಕ್ಕಳ ಕೆಲಸ, ಹೆಣ್ಮಕ್ಕಳ ಕೂಲಿ. ನನ್ನ ಶೆಡ್ಡಿನ್ಯಾಗ ಎಲ್ಲರಿಗೂ ಒಂದಾ ಕಾನೂನು. ಬ್ಯಾಡಂದ್ರ ನಾಳೆ ಅಂಗಿ ಪ್ಯಾಂಟ್ ಹಾಕ್ಕೊಂಡ್ ಬಾ. ಮಿಷನ್ ನಿಂದಾ.”

ರಾಯದುರ್ಗದಲ್ಲಿ ಅಣ್ಣನ ನಂತರ ಅವಳನ್ನು ಹೆಣ್ಣೆಂದು ಒಪ್ಪಿದ ಮೊದಲಿಗ ಅವನೇ. ಅರ್ಧ ಕೂಲಿ ಉಳಿಯುತ್ತದೆಂದರೆ ಅವನು ಕಲ್ಲೇಶನನ್ನೂ ಹೆಣ್ಣೆಂದು ಒಪ್ಪುತ್ತಿದ್ದ, ಗೋಡೆಯ ಮೇಲಿನ ಹಲ್ಲಿಯನ್ನೂ.

ಈಗ ಹುಲಿ ಗರ್ಜಿಸಬೇಕಿತ್ತು. “ಅದು... ಸಾವ್ಕಾರ್ರೆ... ಅಂದ್ರೆ...” ಎಂದಿತು ಹುಲಿ. ಮುಗಿದ ಕೈ ಇನ್ನೂ ಮುಗಿದೇ ಇತ್ತು.

ಶೃತಿ ಹೆಂಗಸರ ನಡುವೆ ಹೋದಳು. ಕೂರಲಾಗದೆ ಕಂಬದಂತೆ ನಿಂತಳು. ಹಿರಿಯಳಾದ ರಂಗಕ್ಕ ಕಣ್ಣರಳಿಸಿದಳು.

“ನಡಾ ಬಗ್ಗದ ಬಟ್ಟಿ ಯಾರವ್ವಾ ಹೊಲದಾರು?”

“ನಮ್ಮಣ್ಣ.”

“ಜೇಬು ಎಷ್ಟದಾವು?”

“ಐದು.”

“ಅಯ್ಯ ಶಿವನ! ನನ್ನ ಹಡದಪ್ಪ ಒಂದ್ ಜೇಬೂ ಕೊಡಲಿಲ್ಲ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ರಂಗಕ್ಕನ ನಗು ಮೊದಲು ನಿಂತಿತು.

“ಸಾವ್ಕಾರ್ರ, ಶನಿವಾರ ಈಕಿ ಕೈಗೆ ಪೂರ್ತಿ ಕೂಲಿ, ಇವತ್ತು ಅದಾ ಕೈಗೆ ಅರ್ಧ. ಕೈ ಏನ್ ಸವದೈತೇನ್ರಿ? ಹನ್ನೊಂದು ವರ್ಷದಿಂದ ನಾ ಮಿಷನ್ ಕೇಳಾಕತ್ತೀನಿ. ಹೆಣ್ಮಕ್ಕಳಿಗೆ ಹೊಲಿಯಾಕ ಬರಂಗಿಲ್ಲ ಅಂತೀರಿ. ಈಕಿ ಹೆಣ್ಮಗಳು ಅಂತ ನೀವಾ ಅಂದ್ರಿ. ಈಕಿಗೆ ಬರತೈತಲ್ರಿ!”

ಕೊಟ್ರಬಸಪ್ಪ ಕೈಗಡಿಯಾರ ನೋಡಿಕೊಂಡ.

ಆಗ ಕಲ್ಲೇಶ ತನ್ನ ಕೈಗಳನ್ನು ನೋಡಿಕೊಂಡ. ಅವನ್ನು ಬಿಡಿಸುವುದು ಹೆಬ್ಬೆರಳಿನಿಂದ ಸೂಜಿ ಕೀಳುವುದಕ್ಕಿಂತ ಕಷ್ಟವಾಯಿತು. ನಡೆದುಹೋಗಿ ಹೆಂಗಸರ ಸಾಲಿನಲ್ಲಿ ನೆಲದ ಮೇಲೆ ಕೂತ.

“ಲೇ! ನೀ ಯಾಕ ಅಲ್ಲಿ?”

“ಒಂದೇ ಕಾನೂನಲ್ವಾ ಸಾವ್ಕಾರ್ರೆ? ನನ್ ತಂಗಿ ಜಾಗ ಇದಾದ್ರೆ ನಂದೂ ಇದೇಯ.” ಧ್ವನಿ ನಡುವೆ ಎರಡು ಸಲ ದಾರದಂತೆ ತುಂಡಾಯಿತು. ಆದರೂ ಮಾತು ಮುಗಿಯಿತು.

ಜಿಪ್ ಕೂರಿಸುವವನಿಲ್ಲದೆ ಪ್ಯಾಂಟುಗಳು ರಾಯದುರ್ಗದ ಬೆಟ್ಟದೆತ್ತರ ರಾಶಿ ಬಿದ್ದವು. ನಿಜ ಹೇಳಬೇಕೆಂದರೆ ಮೊಣಕಾಲೆತ್ತರ.

ಶೃತಿ ಕೈಯಲ್ಲಿದ್ದ ಕತ್ತರಿ ನೋಡಿದಳು. ಟಾಪಿನ ಅಂಚು ಎತ್ತಿ ಹಿಡಿದು, ಅಣ್ಣನ ಡಬಲ್ ಹೊಲಿಗೆಯನ್ನು ಎಡಕ್ಕೂ ಬಲಕ್ಕೂ ಸೊಂಟದವರೆಗೆ ಸೀಳಿದಳು. ಕತ್ತರಿಯನ್ನು ಹಿಂದಿನ ಜೇಬಿಗೆ ಇಳಿಸಿದಳು. ನೇರ ಹೋಗಿ ತನ್ನ ಮಿಷನ್ ಮುಂದೆ ಆರಾಮಾಗಿ ಕೂತಳು.

ರಂಗಕ್ಕ ಎದ್ದು ತನ್ನ ಕತ್ತರಿಯನ್ನೂ ಶೃತಿಯ ಜೇಬಿಗೆ ಹಾಕಿದಳು. ಉಳಿದ ಹೆಂಗಸರೂ ಎದ್ದರು. ಜೇಬುಗಳು ತುಂಬಿದವು. ರಂಗಕ್ಕ ಕಲ್ಲೇಶನ ಖಾಲಿ ಮಿಷನ್ನಿಗೆ ಹೋಗಿ ಕೂತು ಕಾಲು ಚಾಚಿದಳು.

“ಜಿಪ್ ಹೆಂಗ ಕುಂದ್ರಿಸಬೇಕು, ಹೇಳಿಕೊಡಪಾ.”

“ನನ್ನಂಥ ಗುರು ಮೂರ್ ಲೋಕದಾಗೂ ಸಿಗಲ್ಲ ಕಣಕ್ಕ” ಎಂದು ಕಲ್ಲೇಶ ಎದ್ದ.

ಕೊಟ್ರಬಸಪ್ಪ ಓಡಿ ಮೇನ್ ಸ್ವಿಚ್ಚಿನ ಫ್ಯೂಸ್ ಕಿತ್ತ. ಮಿಷನ್ನುಗಳೆಲ್ಲ ಒಮ್ಮೆಲೇ ಸತ್ತವು. ಯಾರೂ ಜಾಗ ಬಿಡಲಿಲ್ಲ.

“ಕರೆಂಟ್ ಬರೋತನಕ ಕುಂತಿರ್ತೀವ್ರಿ” ಎಂದಳು ರಂಗಕ್ಕ. “ಹನ್ನೊಂದು ವರ್ಷ ನೆಲದ ಮ್ಯಾಲ ಕುಂತು ರೂಢಿ ಐತಿ. ಇಲ್ಲಿ ಸ್ಟೂಲು ಬ್ಯಾರೆ ಐತಿ.”